ಕೆರೆ ಬಫರ್ ವಿಷಯ: ಪತ್ರ ಬರೆಯುವುದಾದರೆ ಯಾರಿಗೆ ಬರೆಯಬೇಕು?

ಕಬ್ಬಿನಗದ್ದೆ:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯವನು. ನಮ್ಮೂರಲ್ಲಿ ಪ್ರೈಮರಿ ಶಾಲೆ, ಹೈಸ್ಕೂಲು ಎರಡೂ ಒಂದೇ ಕಾಂಪೌಂಡಿನಲ್ಲಿವೆ, ಅದಕ್ಕೆ ತಾಗಿಕೊಂಡೇ ಕೆರೆ. ಪಹಣಿಯಲ್ಲಿ ಎಂಟು ಎಕರೆ ಚಿಲ್ಲರೆ ಇದೆ, ಕಣ್ಣಿಗೆ ಕಾಣುವುದು ಅದರಲ್ಲಿ ಅರ್ಧ. 2025ರ ಆಗಸ್ಟ್ ಅಧಿವೇಶನದಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ತಿದ್ದುಪಡಿ ಮಸೂದೆ ಪಾಸಾಯಿತಲ್ಲ, ಕೆರೆ ಸುತ್ತ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗವನ್ನು, ಅಂದರೆ ಬಫರನ್ನು, ಕಮ್ಮಿ ಮಾಡಿದ್ದು, ಆಗ ಊರಲ್ಲಿ ಮುನ್ನೂರು ಸಹಿ ಹಾಕಿಸಿ ಬೆಂಗಳೂರಿನ ಒಂದು ಕಚೇರಿಗೆ ಕಳಿಸಿದ್ದೆವು. "ಮುಂದಿನ ಕ್ರಮಕ್ಕಾಗಿ ರವಾನಿಸಲಾಗಿದೆ" ಎಂದು ಒಂದು ಸಾಲು ಬಂತು, ಅಷ್ಟೇ. ಎಲ್ಲಿಗೆ ರವಾನಿಸಿದರೋ ದೇವರಿಗೇ ಗೊತ್ತು.

ನನ್ನ ಪ್ರಶ್ನೆ ಎರಡು. ನಮ್ಮಂಥವರ ಮಾತು ಕಿವಿಗೆ ಬೀಳಬೇಕಾದರೆ ಯಾರಿಗೆ, ಹೇಗೆ ಬರೆಯಬೇಕು? ಎರಡನೆಯದು, ನನ್ನ ಹೆಂಡತಿ ಅದೇ ಹೈಸ್ಕೂಲಿನಲ್ಲಿ ಸರ್ಕಾರಿ ಟೀಚರ್. ಅವಳೂ ಸಹಿ ಹಾಕಬಹುದಾ?

ಕುಕ್ಕರಹಳ್ಳಿ ವಾಕಿಂಗ್:

ಮುನ್ನೂರು ಸಹಿ ಇರಲಿ ಸರ್, ಅದರ ಮೇಲೆ ಏನು ಬರೆದಿದ್ದಿರಿ? "ನಮ್ಮ ಕೆರೆ ಉಳಿಸಿ" ಎಂದು ಮಾತ್ರ ಇದ್ದರೆ ಯಾವ ಗುಮಾಸ್ತನಾದರೂ ಅದನ್ನು ಪಕ್ಕದ ಟೇಬಲ್ಲಿಗೇ ತಳ್ಳುತ್ತಾನೆ. ಮಸೂದೆಯ ಕಲಮನ್ನೇ ಎತ್ತಿ ಹೇಳಿ ಬರೆಯಬೇಕು. ಮೊದಲು ಎಲ್ಲ ಕೆರೆಗೂ 30 ಮೀಟರ್ ಬಫರ್ ಇತ್ತು. ಮಸೂದೆ ಅದನ್ನು ವಿಸ್ತೀರ್ಣದ ಲೆಕ್ಕಕ್ಕೆ ತಂದಿತು. ನೂರು ಎಕರೆಗಿಂತ ದೊಡ್ಡದಕ್ಕೆ ಮಾತ್ರ 30 ಉಳಿಯಿತು, ಒಂದರಿಂದ ಹತ್ತು ಎಕರೆಯದಕ್ಕೆ 6 ಮೀಟರ್. ನಿಮ್ಮದು ಎಂಟು ಎಕರೆ, ಅಂದರೆ 6. ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೈಲರ್ ತಿರುಗಿಸುವುದಕ್ಕೂ ಸಾಲದ ಜಾಗ. ಈ ಲೆಕ್ಕವನ್ನೇ ಮೊದಲ ಪ್ಯಾರಾದಲ್ಲಿ ಹಾಕಿ, ಜೊತೆಗೆ ಕೋಡಿ ಬಿದ್ದಾಗ ಶಾಲೆ ಅಂಗಳಕ್ಕೆ ನೀರು ಎಷ್ಟು ಬರುತ್ತದೆ ಎನ್ನುವುದಕ್ಕೆ ಎರಡು ಫೋಟೋ. ಅದು ನಿಮಗಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲದ ವಿಷಯ, ನಿಮ್ಮ ಪತ್ರಕ್ಕೆ ಬೆಲೆ ಬರುವುದೇ ಅದರಿಂದ.

ಯಾರಿಗೆ ಅಂದರೆ, ಮಸೂದೆ ಯಾವ ಹಂತದಲ್ಲಿದೆ ಎಂದು ಮೊದಲು ರಾಜ್ಯಪತ್ರ (ಸರ್ಕಾರಿ ಗೆಜೆಟ್) ನೋಡಿ. ಎರಡೂ ಸದನ ದಾಟಿದ ಮೇಲೆ ಅದು ರಾಜ್ಯಪಾಲರ ಹತ್ತಿರ ಹೋಗುತ್ತದೆ. ಅವರು ಒಪ್ಪಿಗೆ ಕೊಡಬಹುದು, ಒಂದು ಸಲ ವಾಪಸ್ ಕಳಿಸಬಹುದು, ರಾಷ್ಟ್ರಪತಿಗೆ ಕಾಯ್ದಿರಿಸಬಹುದು. ಈ ಮಸೂದೆಗೂ ಬೆಂಗಳೂರಿನ ಕೆರೆ ಕಾಳಜಿಯವರು ರಾಜ್ಯಪಾಲರಿಗೇ ಮನವಿ ಕೊಟ್ಟಿದ್ದರು. ಕಾಯ್ದೆಯೇ ಆಗಿಬಿಟ್ಟರೆ ಆಟ ಮುಗಿಯಿತು ಎಂದುಕೊಳ್ಳಬೇಡಿ. ಕಾಯ್ದೆಯ ಕೆಳಗೆ ನಿಯಮ ಬರಬೇಕು. ಕರಡು ನಿಯಮ ರಾಜ್ಯಪತ್ರದಲ್ಲಿ ಬಂದಾಗ "ಆಕ್ಷೇಪಣೆ ಮತ್ತು ಸಲಹೆ" ಕೊಡಲು ಇಷ್ಟು ದಿನ ಎಂದು ಇರುತ್ತದೆ. ಆ ದಿನಗಳಲ್ಲಿ ಬರುವ ಪತ್ರಗಳು ಬಹಳ ಕಮ್ಮಿ, ಹಾಗಾಗಿ ಒಂದೊಂದನ್ನೂ ಓದಲೇಬೇಕಾಗುತ್ತದೆ. ನಮ್ಮ ಜನ ಟೀವಿಯಲ್ಲಿ ಗಲಾಟೆ ಇರುವಾಗ ಓಡಾಡುತ್ತಾರೆ, ರಾಜ್ಯಪತ್ರ ಮಾತ್ರ ಯಾರೂ ತೆರೆಯುವುದಿಲ್ಲ.

ಕೋರ್ಟ್ ನೋಡಿಕೊಳ್ಳುತ್ತದೆ ಎಂದು ಕೂರುವ ಹಾಗೂ ಇಲ್ಲ. ಬೆಂಗಳೂರಿನ ಕೆರೆಗಳಿಗೆ 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಬಫರ್ ಎಂದಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮಾಸ್ಟರ್ ಪ್ಲಾನಿನಲ್ಲಿ ಇರುವುದನ್ನು ಮಂಡಳಿ ಬದಲಿಸಲಾಗದು ಎಂದು.

ಹಳೇ ಅಗ್ರಹಾರ:

ಸುಮ್ನೆ ಟೈಮ್ ವೇಸ್ಟ್. 2025ರ ಏಪ್ರಿಲ್‌ನಲ್ಲಿ ನಮ್ಮ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ 40 ಮರ ಕಡಿದಾಗ ಏನಾಯಿತು? ಮೇಣದಬತ್ತಿ ಹಿಡಿದು ನಿಂತೆವು. ಮರ ಬಂತಾ?

ಕುಕ್ಕರಹಳ್ಳಿ ವಾಕಿಂಗ್:

@ಹಳೇ ಅಗ್ರಹಾರ ನಾನೂ ಅಲ್ಲಿ ನಿಂತಿದ್ದೆ, ಮಾತೇ ಬರಲಿಲ್ಲ. ಆದರೆ ನಿಮ್ಮ ಉದಾಹರಣೆಯೇ ನನ್ನ ಮಾತಿಗೆ ಸಾಕ್ಷಿ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕಾಗಿರುವುದು 50ಕ್ಕಿಂತ ಜಾಸ್ತಿ ಮರ ಇದ್ದಾಗ. ಅಲ್ಲಿ ಇದ್ದದ್ದು 40. ಆ 50 ಎನ್ನುವ ಸಂಖ್ಯೆ ಕಾಯ್ದೆಗೆ ಸೇರಿದ ದಿನ ನಾನು ನೀವು ಎಲ್ಲಿದ್ದೆವು? ಹತ್ತು ಎಂದು ಬರೆಯಿಸಿದ್ದರೆ ಮೇಣದಬತ್ತಿ ಕೊಳ್ಳುವ ಕೆಲಸವೇ ಇರಲಿಲ್ಲ, ಅಲ್ವಾ?

ರಿಟೈರ್ಡ್ ಗಣಿತ ಟೀಚರ್:

ಕಬ್ಬಿನಗದ್ದೆಯವರೇ, ನಿಮ್ಮ ಮನೆಯವರ ಸಹಿ ಹಾಕಿಸಬೇಡಿ. ನಾನು ಮೂವತ್ತು ವರ್ಷ ಸರ್ಕಾರಿ ನೌಕರಿಯಲ್ಲಿದ್ದವಳು, ಹೇಳುತ್ತೇನೆ ಕೇಳಿ. ನೌಕರರ ನಡತೆ ನಿಯಮ ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಲು ಬಿಡುವುದಿಲ್ಲ, 2021ರಲ್ಲಿ ಹೊಸ ನಿಯಮವೇ ಬಂದಿದೆ. ಒಂದು ಸಹಿಗೆ ನೋಟಿಸ್ ಬಂದರೆ ಮನೆಯಲ್ಲಿ ನೆಮ್ಮದಿ ಇರಲ್ಲ.

ಆದರೆ ಅವರ ಕೈಯಲ್ಲಿ ನಿಮಗಿಲ್ಲದ ಒಂದು ಓಟಿದೆ. ವಿಧಾನ ಪರಿಷತ್ತಿನ ದಕ್ಷಿಣ ಶಿಕ್ಷಕರ ಕ್ಷೇತ್ರ ಎಂದರೆ ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ. ಹೈಸ್ಕೂಲು ಮತ್ತು ಅದಕ್ಕಿಂತ ಮೇಲೆ ಕಲಿಸುವವರಿಗೆ ಮಾತ್ರ ಅದರಲ್ಲಿ ಓಟು. ಮತದಾರರು ಕಮ್ಮಿ, ಆದ್ದರಿಂದ ಆ ಎಂಎಲ್‌ಸಿಗೆ ಒಂದೊಂದು ಸ್ಟಾಫ್ ರೂಮೂ ಲೆಕ್ಕ. ನೀವು ಡಿಗ್ರಿ ಮುಗಿಸಿದ್ದರೆ ಪದವೀಧರ ಕ್ಷೇತ್ರದಲ್ಲಿ ನಿಮಗೂ ಓಟಿದೆ. ಅದರ ಚುನಾವಣೆ 2022ರಲ್ಲಿ ಆಗಿದೆ, ಆರು ವರ್ಷದ ಅವಧಿ, ಲೆಕ್ಕ ಹಾಕಿಕೊಳ್ಳಿ. ಒಂದು ಎಚ್ಚರ: ಈ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ಆಗುತ್ತದೆ. ಹೋದ ಸಲ ಹೆಸರಿತ್ತು ಎಂದು ಕೂತರೆ ಕೆಟ್ಟಿರಿ. ಪದವೀಧರರಿಗೆ ಫಾರಂ 18, ಟೀಚರ್‌ಗಳಿಗೆ ಫಾರಂ 19.

ಆ ಎಂಎಲ್‌ಸಿಗಳಿಗೆ "ವಿರೋಧಿಸಿ" ಎಂದು ಬರೆಯಬೇಡಿ. ಸದನದಲ್ಲಿ ಕೇಳಲು ಒಂದು ಚುಕ್ಕೆ ಗುರುತಿನ ಪ್ರಶ್ನೆ ಬರೆದುಕೊಡಿ: ಮಂಡ್ಯ ಜಿಲ್ಲೆಯಲ್ಲಿ ಶಾಲೆಗಳ ಪಕ್ಕ ಇರುವ ಕೆರೆ ಎಷ್ಟು, ಸರ್ವೆ ಆಗಿದ್ದೆಷ್ಟು, ಒತ್ತುವರಿ ತೆರವಾಗಿದ್ದೆಷ್ಟು. ಮಂತ್ರಿ ಸದನದಲ್ಲಿ ಉತ್ತರಿಸಲೇಬೇಕು, ಉತ್ತರ ಕಡತದಲ್ಲಿ ಉಳಿಯುತ್ತದೆ.

ಇನ್ನು ನಿಮ್ಮ ಪ್ರೈಮರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಮರೆಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಅಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ ತಾಯಿಯರೇ ಇರಬೇಕು, ಅರ್ಧದಷ್ಟು ಹೆಂಗಸರು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದೂ ಅವರೇ. ಕೆರೆ ನೀರು ಅಂಗಳಕ್ಕೆ ನುಗ್ಗುವ ವಿಷಯವನ್ನು ಅದರಲ್ಲಿ ಬರೆಸಿ, ಠರಾವು ಮಾಡಿಸಿ. ಮುನ್ನೂರು ಬಿಡಿ ಸಹಿಗಿಂತ ಆ ಠರಾವಿನ ನಕಲು ಗಟ್ಟಿ.

ಕಬ್ಬಿನಗದ್ದೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಡಂ, ಠರಾವಿನ ವಿಷಯ ನಿಜಕ್ಕೂ ಹೊಳೆದಿರಲಿಲ್ಲ. ನಾಳೆ ಕೆರೆಯ ಸರ್ವೆ ನಕ್ಷೆಗೆ ಆರ್‌ಟಿಐ ಹಾಕುತ್ತೇನೆ. ಹತ್ತು ರೂಪಾಯಿ, 150 ಪದದೊಳಗೆ, ಒಂದೇ ವಿಷಯ. ಮೊದಲು ಒಂದು ಸಲ ಮೂರು ವಿಷಯ ಸೇರಿಸಿ ಬರೆದು ತಿರಸ್ಕಾರ ಆಗಿತ್ತು, ಆ ಬುದ್ಧಿ ಈಗ ಬಂದಿದೆ.

ಹೆಂಡತಿಗೆ ಇದನ್ನೆಲ್ಲ ಓದಿ ಹೇಳಿದೆ. 2024ರಲ್ಲಿ ಓಟು ಹಾಕೋಕೆ ಹೋದಾಗ ಪಟ್ಟಿಯಲ್ಲಿ ಹೆಸರೇ ಇರಲಿಲ್ಲವಂತೆ. ಯಾಕೆ ಎಂದು ಈಗ ಗೊತ್ತಾಯಿತು ಎಂದಳು.