ಡಿಗ್ರಿ ಮಕ್ಕಳಿಗೆ ಸೋಷಿಯಲ್ ಎಂಟರ್‌ಪ್ರೈಸ್ ಕೆಲಸ ತೋರ್ಸೋದು ಹೆಂಗೆ? (ಕೋಲಾರ ಕಡೆಯವರು ಹೇಳಿ)

ಕಾಮರ್ಸ್_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಶ್ರೀನಿವಾಸಪುರ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ತೀನಿ, ಪ್ಲೇಸ್‌ಮೆಂಟ್ ಸೆಲ್ಲನ್ನೂ ನನ್ ತಲೆಗೇ ಕಟ್ಟಿದಾರೆ. ಫೈನಲ್ ಇಯರ್ ಬಿಕಾಂ, ಬಿಎ ಸೇರಿ ಎಪ್ಪತ್ತು ಚಿಲ್ರೆ ಮಕ್ಕಳು. ಮುಂದೇನಪ್ಪಾ ಅಂದ್ರೆ ಅರ್ಧ ಜನ ಪಿಡಿಓ, ಪೊಲೀಸ್ ಎಕ್ಸಾಂ ಅಂತಾರೆ, ಉಳಿದೋರು ನರಸಾಪುರ ಫ್ಯಾಕ್ಟರಿ ಇಲ್ಲಾ ಬೆಂಗಳೂರು. ಹೋದ ತಿಂಗಳು ಒಬ್ರನ್ನ ಕರೆಸಿ ಸೋಷಿಯಲ್ ಎಂಟರ್‌ಪ್ರೈಸ್ ಬಗ್ಗೆ ಮಾತಾಡ್ಸಿದ್ದೆ, ಒಂದೂವರೆ ಗಂಟೆ ಪಿಪಿಟಿ, ಮಾತೆತ್ತಿದ್ರೆ ಇಂಪ್ಯಾಕ್ಟು, ಮಕ್ಕಳು ಚಪ್ಪಾಳೆ ತಟ್ಟಿ ಎದ್ದೋದ್ರು. ಆಚೆ ಬಂದ್ಮೇಲೆ ಒಬ್ಳು ಕೇಳಿದ್ಳು, "ಸಾರ್, ಇದು ಎನ್‌ಜಿಓನಾ? ಸಂಬಳ ಕೊಡ್ತಾರಾ?" ನಿಜ ಹೇಳ್ಬೇಕಂದ್ರೆ ನನಗೂ ನೆಟ್ಟಗೆ ಹೇಳಕ್ಕೆ ಬರ್ಲಿಲ್ಲ. ಈ ಫೀಲ್ಡಲ್ಲಿ ಇರೋರು ಯಾರಾದ್ರೂ ದಾರಿ ತೋರ್ಸಿ.

ತೋತಾಪುರಿ
ಸಾರ್, ನಾನು ಮಾವು ಬೆಳೆಗಾರರ ಒಂದು ಎಫ್‌ಪಿಓದಲ್ಲಿ, ಅಂದ್ರೆ ರೈತ್ರೇ ಸೇರಿ ಕಟ್ಕೊಂಡ ಉತ್ಪಾದಕರ ಸಂಸ್ಥೇಲಿ, ಸಿಇಓ. ಸಿಇಓ ಅಂದ್ರೆ ದೊಡ್ಡ ಕುರ್ಚಿ ಅನ್ಕೋಬೇಡಿ, ಸೀಸನ್ನಲ್ಲಿ ಬೆಳಗ್ಗೆ ಆರಕ್ಕೆ ತೂಕದ ಚೀಟಿ ಬರೆಯೋನೂ ನಾನೇ, ರಾತ್ರಿ ಕಂಪ್ಯೂಟರಲ್ಲಿ ಟ್ಯಾಲಿ ಲೆಕ್ಕಕ್ಕೆ ಹಾಕೋನೂ ನಾನೇ, ದುಡ್ಡು ಯಾವಾಗ ಬರತ್ತೆ ಅಂತ ರೈತ್ರು ಫೋನ್ ಮಾಡಿದ್ರೆ ಬೈಸ್ಕೊಳ್ಳೋನೂ ನಾನೇ. 2025ರ ಜೂನಲ್ಲಿ ಆಂಧ್ರದೋರು ಗಡೀಲಿ ನಮ್ ತೋತಾಪುರಿ ಮಾವು ತಡೆದ್ರಲ್ಲ, ಚಿತ್ತೂರಿನ ಪಲ್ಪ್ ಫ್ಯಾಕ್ಟರಿ ನಂಬ್ಕೊಂಡೋರ ಕಥೆ ಅವತ್ತು ಏನಾಯ್ತು ಅಂತ ನಿಮ್ಮೂರೋರಿಗೆ ನಾನು ಹೇಳ್ಬೇಕಾ.

ಆ ಹುಡುಗಿಗೆ ಹಿಂಗೆ ಹೇಳಿ: ಎನ್‌ಜಿಓ ಜಾಸ್ತಿ ನಡೆಯೋದು ದಾನ, ಗ್ರಾಂಟ್ ಮೇಲೆ, ನಮ್ಮಂಥ ಸೋಷಿಯಲ್ ಎಂಟರ್‌ಪ್ರೈಸ್, ಅಂದ್ರೆ ಜನ್ರಿಗೆ ಅನುಕೂಲ ಆಗ್ಲಿ ಅಂತ ಕಟ್ಟಿದ ಸಂಸ್ಥೆ, ನಡೀಬೇಕಾಗಿರೋದು ವ್ಯಾಪಾರದ ಮೇಲೆ. ಸೆಲ್ಕೊ ಕಂಪನಿ ನೋಡಿ, 1995ರಿಂದ ಸೋಲಾರ್ ಮಾರ್ತಿದಾರೆ, ಪುಕ್ಸಟ್ಟೆ ಹಂಚಲ್ಲ, ಬಡವ್ರಿಗೆ ಬ್ಯಾಂಕ್ ಸಾಲ ಹೊಂದ್ಸಿ ಮಾರ್ತಾರೆ, ಅದನ್ನ ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇನ್ನು ಎಫ್‌ಪಿಓಲಿ ರೈತ್ರೇ ಷೇರುದಾರರು. ಆದ್ರೆ ನಮ್ದು ಕಂಪನಿನೇ, ಜಿಎಸ್‌ಟಿ, ಆಡಿಟ್ಟು, ಕಂಪನಿ ರಿಜಿಸ್ಟ್ರಾರ್‌ಗೆ ಕೊಡೋ ಆರ್‌ಒಸಿ ಫೈಲಿಂಗು ಯಾವ್ದೂ ತಪ್ಪಲ್ಲ. ನಿಮ್ ಬಿಕಾಂ ಮಕ್ಕಳು ನಮಗೆ ಬೇಕಾಗಿರೋದು ಇಲ್ಲೇ ಸಾರ್! ಎಂಬಿಎ ಮಾಡ್ದೋರು ಬಂದು ಮೂರು ತಿಂಗಳಿಗೆ ಓಡೋಗ್ತಾರೆ.

ಸಂಬಳದ ವಿಷ್ಯನೂ ಮುಚ್ಚಿಡಬೇಡಿ. 2020ರ ಕೇಂದ್ರದ ಸ್ಕೀಮಲ್ಲಿ ಒಂದು ಎಫ್‌ಪಿಓಗೆ ಆಡಳಿತದ ಖರ್ಚಿಗೆ ಅಂತ ಮೂರು ವರ್ಷಕ್ಕೆ 18 ಲಕ್ಷದ ತನಕ ಕೊಡ್ತಾರೆ, ಆಮೇಲೆ ಸಂಬಳ ಹುಟ್ಟಬೇಕಾಗಿರೋದು ವ್ಯಾಪಾರದಿಂದಲೇ. ಹುಟ್ಟದೇ ಬೀಗ ಹಾಕಿದವೂ ಇದಾವೆ.

ಮುಳಬಾಗಿಲು_ಹುಡುಗಿ
ಸಾರ್ ನಾನು ಎಸ್‌ಬಿಐ ಯೂತ್ ಫಾರ್ ಇಂಡಿಯಾ ಫೆಲೋಶಿಪ್ ಮಾಡಿದೀನಿ, 13 ತಿಂಗಳು ಹಳ್ಳೀಲೇ ಇದ್ದು ಕೆಲ್ಸ, ಕೈಗೆ ಸ್ಟೈಪೆಂಡ್ ಕೊಡ್ತಾರೆ. ಗಾಂಧಿ ಫೆಲೋಶಿಪ್, ಟೀಚ್ ಫಾರ್ ಇಂಡಿಯಾ ಎರಡೆರಡು ವರ್ಷದ್ದು. ಓದು ಮುಂದುವರ್ಸೋರಿಗೆ ಸರ್ಜಾಪುರದ ಅಜೀಂ ಪ್ರೇಮ್‌ಜಿ ಯೂನಿವರ್ಸಿಟೀಲಿ ಎಂಎ ಡೆವಲಪ್‌ಮೆಂಟ್ ಇದೆ, ಮನೆ ಆದಾಯ ನೋಡಿ ಸ್ಕಾಲರ್‌ಶಿಪ್ಪೂ ಕೊಡ್ತಾರೆ.

ನಮ್ ಮಕ್ಕಳು ಸಿಕ್ಕಾಕೊಳ್ಳೋದು ಇಂಗ್ಲಿಷಲ್ಲಿ. ಅರ್ಜೀಲಿ "ನೀವು ಎದುರಿಸಿದ ಒಂದು ಸಮಸ್ಯೆ ಬಗ್ಗೆ ಬರೀರಿ" ಅಂತಿದ್ರೆ ಗೂಗಲ್ ನೋಡಿ ಬಡತನ, ನಿರುದ್ಯೋಗ ಅಂತ ಗೀಚ್ತಾರೆ. ನಾನೂ ಫಸ್ಟ್ ಹಂಗೇ ಬರ್ದು ಮಕಾಡೆ ಬಿದ್ದೆ. ಎರಡನೇ ಸಲ ನಮ್ಮಮ್ಮನ ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕದ ಪುಸ್ತಕ ಬರೆಯೋಳು ಮದುವೆ ಆಗಿ ಹೋದ್ಮೇಲೆ ಎಂಟು ತಿಂಗಳು ಲೆಕ್ಕ ನಿಂತಿದ್ದು, ನಾನು ಕೂತ್ಕೊಂಡು ಒಂದೊಂದೇ ಪಾಸ್‌ಬುಕ್ ತಾಳೆ ಹಾಕಿದ್ದು, 340 ರೂಪಾಯಿ ಎಲ್ಲೋಯ್ತು ಅಂತ ಎರಡು ದಿನ ಹುಡುಕಿದ್ದು, ಇದನ್ನೇ ಬರ್ದೆ. ಇಂಟರ್‌ವ್ಯೂಲಿ ಆ 340ರ ಬಗ್ಗೆನೇ ಕೇಳಿದ್ರು. ಮೊದ್ಲು ಕನ್ನಡದಲ್ಲಿ ಬರೆಸಿ ಸಾರ್, ಇಂಗ್ಲಿಷ್ ಆಮೇಲೆ ಮಾಡ್ಕೋಬೋದು.

ಬೇತಮಂಗಲ_ಬಾಬು
ಎಲ್ಲಾ ಸರಿ, ಆದ್ರೆ ಹುಷಾರು ಮೇಷ್ಟ್ರೇ. ನನ್ ತಮ್ಮ "ಮಹಿಳಾ ಸಬಲೀಕರಣ" ಅಂತ ಬೋರ್ಡ್ ಹಾಕಿರೋ ಕಡೆ ಸೇರಿದ, ಬರೀ ಮೈಕ್ರೋಫೈನಾನ್ಸ್ ಸಾಲದ ಕಂತು ವಸೂಲಿ. ಬೆಳಗ್ಗೆ ಬೈಕ್ ಹತ್ತಿ ಹೆಂಗಸ್ರ ಮನೆ ಬಾಗಿಲಲ್ಲಿ ನಿಲ್ಲೋದು, ಯಾರೋ ಒಬ್ರು ಕಟ್ಟದಿದ್ರೆ ಇವನ ಮೇಲೆ ಒತ್ತಡ. ಆರು ತಿಂಗಳಿಗೆ ಬಿಟ್ಟು ಬಂದ. ಸಾಲ ತಗೊಂಡೋರಿಗೆ ಕೊಡೋ ಇಂಥ ಕಿರುಕುಳ ತಡೆಯಕ್ಕೆ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆನೇ ತರಬೇಕಾಯ್ತು. ಸೇರೋ ಮುಂಚೆ "ಟಾರ್ಗೆಟ್ ಏನು, ಮುಟ್ಟದಿದ್ರೆ ಸಂಬಳ ಹಿಡೀತೀರಾ" ಅಂತ ಬಾಯ್ಬಿಟ್ಟು ಕೇಳೋದು ಕಲಿಸಿ ಮಕ್ಕಳಿಗೆ.

ಕಾಮರ್ಸ್_ಮೇಷ್ಟ್ರು
ಬಾಬು ಅವ್ರೇ, ಇದನ್ನ ಕ್ಲಾಸಲ್ಲೇ ಹೇಳ್ತೀನಿ. 340 ರೂಪಾಯಿ ಕಥೆ ಓದಿ ಇವತ್ತು ಒಂದು ಕೆಲ್ಸ ಮಾಡ್ದೆ. ನಿಮ್ಮಲ್ಲಿ ಯಾರ ಮನೇಲಾದ್ರೂ ಹಾಲಿನ ಡೈರಿ, ಸಂಘದ ಲೆಕ್ಕ ಬರೀತೀರಾ ಅಂದೆ, ಹನ್ನೊಂದು ಕೈ ಎದ್ವು! ಸಂಬಳ ಕೊಡ್ತಾರಾ ಅಂದಿದ್ಳಲ್ಲ, ಅವಳಮ್ಮನೇ ಊರಿನ ಮಹಿಳಾ ಡೈರಿ ಸೆಕ್ರೆಟರಿಯಂತೆ. ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಯಾರಿಗೆಷ್ಟು ಬಟವಾಡೆ ಅಂತ ಎರಡು ವರ್ಷದಿಂದ ಬರೀತಿರೋಳು ಇವಳೇ. ಅಪ್ಲಿಕೇಶನ್ನಲ್ಲಿ ಅನುಭವ ಅನ್ನೋ ಕಡೆ "ಇಲ್ಲ" ಅಂತ ಬರ್ದಿದಾಳೆ ಮಹಾರಾಯ್ತಿ.

ತೋತಾಪುರಿಯವ್ರೇ, ಸೀಸನ್ನಲ್ಲಿ ನಾಲ್ಕು ಮಕ್ಕಳನ್ನ ಹದಿನೈದು ದಿನ ತೂಕದ ಚೀಟಿ ಬರೆಯಕ್ಕೆ ಕಳಿಸ್ಲಾ? ಊಟ, ಬಸ್ ಚಾರ್ಜ್ ನೀವು ನೋಡ್ಕೊಂಡ್ರೆ ಸಾಕು.

ತೋತಾಪುರಿ
ಕಳ್ಸಿ ಸಾರ್. ದಿನಕ್ಕಿಷ್ಟು ಅಂತ ಕೂಲಿನೂ ಕೊಡ್ತೀವಿ, ಬಿಟ್ಟಿ ದುಡಿಸ್ಕೊಳ್ಳಲ್ಲ. ಆ ಡೈರಿ ಹುಡುಗಿ ಮಾತ್ರ ಇರ್ಲೇಬೇಕು.