ಬ್ಯಾಶ್‌ನಲ್ಲಿ 180, ಪೈಥಾನ್‌ನಲ್ಲಿ 200: ಯಾಕೆ ಹೀಗೆ?

ಗುಮ್ಮಟದ ಹುಡುಗ:
ವಿಜಯಪುರದಲ್ಲಿ ನಮ್ಮ ಕಾಕಾ ಅವರದು ಒಣದ್ರಾಕ್ಷಿ ವ್ಯಾಪಾರ. ಬಿಲ್ ಲೆಕ್ಕಕ್ಕೆ ಬ್ಯಾಶ್‌ನಲ್ಲಿ (ಲಿನಕ್ಸ್ ಕಮಾಂಡ್‌ಗಳ ಭಾಷೆ) ಸ್ಕ್ರಿಪ್ಟ್ ಬರೆದೆ. ಮೇಲೆ 'ದರ' ಅನ್ನೋ ವೇರಿಯಬಲ್‌ಗೆ 200 ಕೊಟ್ಟಿದ್ದೇನೆ. 'ಬಿಲ್' ಫಂಕ್ಷನ್ ಒಳಗೆ ಲೋಕಲ್ ಅಂತ ಹಾಕಿ ಅದೇ ಹೆಸರಿಗೆ ರಿಯಾಯಿತಿಯ 180 ಕೊಟ್ಟು, ಅಲ್ಲಿಂದ 'ತೋರಿಸು' ಫಂಕ್ಷನ್ ಕರೆಯುತ್ತೇನೆ. ಅದು ಪೇಟೆ ದರ, ಅಂದ್ರೆ ಮೇಲಿನ 200, ಪ್ರಿಂಟ್ ಮಾಡಬೇಕು, ಅಷ್ಟೇ. ಆದರೆ 180 ಬರುತ್ತದೆ! ಲೋಕಲ್ ಅಂದ್ರೆ ಆ ಫಂಕ್ಷನ್ ಒಳಗೇ ಇರಬೇಕು ಅಲ್ವಾ? ಪೈಥಾನ್‌ನಲ್ಲಿ ಹೀಗೇ ಬರೆದರೆ 200. ಯಾವುದು ಸರಿ?

ಕುಂದಾ ಕೋಡರ್, ಬೆಳಗಾವಿ:
ಎರಡೂ ಸರಿ ತಮ್ಮಾ, ಒಂದು ಹೆಸರಿನ ಬೆಲೆ ಎಲ್ಲಿ ಹುಡುಕಬೇಕು ಅನ್ನೋ ರೂಲ್ಸ್ (ಸ್ಕೋಪ್) ಬೇರೆ. ಒಂದು ಚೀಟಿಯಲ್ಲಿ 'ಅಪ್ಪನ ಹತ್ರ ದುಡ್ಡು ಇಸ್ಕೋ' ಅಂತಿದೆ ಅಂದುಕೋ. ಯಾರ ಅಪ್ಪ? ಚೀಟಿ ಬರೆದ ಮನೆಯ ಅಪ್ಪ ಅಂದ್ರೆ ಸ್ಟ್ಯಾಟಿಕ್ ಸ್ಕೋಪ್. ಈಗ ಯಾರ ಮನೆಯಲ್ಲಿ ಓದುತ್ತಿದ್ದಾರೋ ಆ ಮನೆಯ ಅಪ್ಪ ಅಂದ್ರೆ ಡೈನಮಿಕ್. ಪೈಥಾನ್ 'ತೋರಿಸು' ಬರೆದ ಜಾಗ ನೋಡುತ್ತದೆ, ಅಲ್ಲಿ 200 ಇದೆ. ಬ್ಯಾಶ್ ಅದನ್ನು ಕರೆದವರು ಯಾರು ಅಂತ ನೋಡುತ್ತದೆ, ಕರೆದದ್ದು 'ಬಿಲ್', ಅದರ ಹತ್ರ 180 ಇದೆ, ಅಲ್ಲೂ ಇಲ್ಲದಿದ್ದರೆ ಅದನ್ನು ಕರೆದವರ ಹತ್ರ, ಹೀಗೆ ಹಿಂದೆ ಹಿಂದೆ ಹೋಗುತ್ತದೆ. 'ತೋರಿಸು' ಒಂದನ್ನೇ ನೇರವಾಗಿ ಕರೆದು ನೋಡು, 200 ಬರುತ್ತದೆ.

ಘಟಪ್ರಭಾ, ಬಾಗಲಕೋಟೆ:
ವೇರಿಯಬಲ್ ಬೆಲೆ ಓದುವಾಗ ಪರವಾಗಿಲ್ಲ ರೀ, ಬದಲಿಸುವಾಗ ಇದೆ ಮಜಾ. ನಾನೊಮ್ಮೆ 'ಐ' ಲೋಕಲ್ ಮಾಡಿ 5 ಸಲದ ಲೂಪ್ ಹಾಕಿದ್ದೆ. ಒಳಗೆ ಕರೆದ ಫಂಕ್ಷನ್‌ನಲ್ಲೂ 'ಐ' ಇತ್ತು, ಅಲ್ಲಿ ಲೋಕಲ್ ಹಾಕೋದು ಮರೆತಿದ್ದೆ, ಹಾಗಾಗಿ ಅದು ಹೊರಗಿನ 'ಐ'ಯನ್ನೇ ಬದಲಿಸಿತು. ಅದು ಮುಗಿದಾಗ 'ಐ' 2, ಹೊರಗೆ ಬಂದು 3, ಮತ್ತೆ ಒಳಗೆ ಹೋಗಿ 2, ಮತ್ತೆ 3. ಓಡಲಿ ಅಂತ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ಎದ್ದರೆ ಲಾಗ್ ಫೈಲೇ ಡಿಸ್ಕ್ ತುಂಬಿಸಿತ್ತು.

ಹಳೇ ಲಿಸ್ಪಿಗ:
ಡೈನಮಿಕ್ ಅಂದ್ರೆ ಸುಮ್ನೆ ತಲೆನೋವು ಅನ್ನಬೇಡಿ. ಲಿಸ್ಪ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆಯ ಮೊದಲಿನ ರೂಪಗಳು ನಡೆದದ್ದೇ ಹೀಗೆ. 1975ರ ಸ್ಕೀಮ್ ಅನ್ನೋ ಲಿಸ್ಪ್ ಸ್ಟ್ಯಾಟಿಕ್ ಹಿಡಿಯಿತು, ಈಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್‌ನ ಲಿಸ್ಪ್‌ಗೆ ಆ ಸೌಲಭ್ಯ ಸಿಕ್ಕಿದ್ದು 2012ರಲ್ಲಿ, 24ನೇ ಆವೃತ್ತಿಗೆ. ಈಗಲೂ ಈಮ್ಯಾಕ್ಸ್‌ನಲ್ಲಿ ಹುಡುಕುವಾಗ ದೊಡ್ಡಕ್ಷರ, ಸಣ್ಣಕ್ಷರ ಒಂದೇನಾ ಅನ್ನೋದಕ್ಕೆ ಒಂದು ವೇರಿಯಬಲ್ ಇದೆ, ಅದನ್ನು 'ಲೆಟ್'ನಲ್ಲಿ (ತಾತ್ಕಾಲಿಕವಾಗಿ ಬೆಲೆ ಕೊಡೋ ಕಮಾಂಡ್) ಬದಲಿಸಿದರೆ ಒಳಗೆ ಎಷ್ಟು ಫಂಕ್ಷನ್ ಆಳಕ್ಕೆ ಇಳಿದರೂ ಅದೇ ನಡೆಯುತ್ತದೆ, ಹೊರಬಂದ ಕೂಡಲೇ ಹಳೇದು ವಾಪಸ್. ಹತ್ತು ಫಂಕ್ಷನ್‌ಗೆ ಆರ್ಗ್ಯುಮೆಂಟ್ ಹೊರಿಸೋದು ತಪ್ಪುತ್ತದೆ. ಪರ್ಲ್ ಭಾಷೆಯಲ್ಲಿ ಎರಡೂ ಇವೆ: 'ಮೈ' ಸ್ಟ್ಯಾಟಿಕ್, 'ಲೋಕಲ್' ಡೈನಮಿಕ್. ಹೆಸರಿಟ್ಟವರಿಗೆ ದೊಡ್ಡ ನಮಸ್ಕಾರ.

ಗುಮ್ಮಟದ ಹುಡುಗ:
ಒಳಗಿನದಕ್ಕೆ 'ರಿಯಾಯಿತಿ ದರ' ಅಂತ ಬೇರೆ ಹೆಸರಿಟ್ಟೆ, 200 ಬಂತು. ನಿನ್ನೆ 180 ಛಾಪಿಸಿದ ಚೀಟಿ ಯಾರ ಕೈಗೆ ಹೋಯಿತು ಅಂತ ಕಾಕಾ ಕೇಳುತ್ತಿದ್ದಾರೆ.