ಅಪ್‌ಡೇಟ್: ಹಠ ಹಿಡಿದಿದ್ದ ಡ್ರೈನ್ ಬೋಲ್ಟ್ ಕೊನೆಗೂ ಬಿಚ್ಚಿತು

ನನ್ನ 1.2 ಲೀಟರ್ ಪೆಟ್ರೋಲ್ ಕಾರಿನ ಎಂಜಿನ್ ಆಯಿಲನ್ನು ಮನೆಯಲ್ಲೇ ಬದಲಾಯಿಸಲು ಹೊರಟಾಗ ಡ್ರೈನ್ ಬೋಲ್ಟ್ (ಹಳೆಯ ಆಯಿಲ್ ಹೊರಬಿಡಲು ಎಂಜಿನ್ ಅಡಿಯಲ್ಲಿರುವ ಬೋಲ್ಟ್) ಅಲುಗಾಡದೆ ಅದರ ತಲೆ ಸವೆಯತೊಡಗಿದೆ, ಏನು ಮಾಡಲಿ ಎಂದು ಕಳೆದ ತಿಂಗಳು ಕೇಳಿದ್ದೆ. ಹನ್ನೆರಡು ಮೂಲೆಯ ಸ್ಪ್ಯಾನರ್ ಬಿಟ್ಟು ಆರು ಮೂಲೆಯ ಸಾಕೆಟ್ ಬಳಸಿ ಎಂದು ಹಲವರು ತಿಳಿಸಿದ್ದರು, ಅದೇ ಫಲಿಸಿತು.

ಶನಿವಾರ ಬೆಳಿಗ್ಗೆ ಐದು ನಿಮಿಷ ಎಂಜಿನ್ ಚಾಲೂ ಇಟ್ಟು, ಆಯಿಲ್ ಬೆಚ್ಚಗಾದ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಎರಡು ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿದೆ. (ಬರೀ ಜಾಕ್ ನಂಬಿ ಕಾರಿನಡಿ ನುಸುಳಬೇಡಿ ಎಂದು ಗದರಿದವರಿಗೆ ವಿಶೇಷ ವಂದನೆಗಳು.) ಸಾಕೆಟ್ ಹಿಡಿಗೆ ಎರಡಡಿಯ ಕಬ್ಬಿಣದ ಪೈಪು ಸಿಕ್ಕಿಸಿ ಒತ್ತಿದಾಗ ‘ಟಕ್’ ಎಂದಿತು. ಬೋಲ್ಟ್ ಮುರಿಯಿತೆಂದು ಎದೆ ಧಸಕ್ಕೆಂದರೂ ಅದು ಸಡಿಲಗೊಂಡ ಸದ್ದಾಗಿತ್ತು. ಬೋಲ್ಟಿನೊಂದಿಗೆ ಹೊರಬಂದ ವಾಷರ್ (ಆಯಿಲ್ ಸೋರದಂತೆ ತಡೆಯುವ ಬಿಲ್ಲೆ) ಕಾಗದದಂತೆ ಚಪ್ಪಟೆಯಾಗಿ, ಒಂದು ಬದಿಯಲ್ಲಿ ಸೀಳಿತ್ತು. ಹಿಂದಿನ ಸಲ ಸರ್ವಿಸ್ ಮಾಡಿದವರು ಹಳೆಯ ವಾಷರನ್ನೇ ಉಳಿಸಿ, ಸೋರದಿರಲೆಂದು ಬೋಲ್ಟನ್ನು ವಿಪರೀತ ಬಿಗಿದಿರಬೇಕೆಂಬುದು ನನ್ನ ಊಹೆ.

ಬೋಲ್ಟ್, ವಾಷರ್ ಎರಡನ್ನೂ ಹೊಸದಾಗಿ ಹಾಕಿದೆ. ಹೊಸ ಆಯಿಲ್ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಆಯಿಲ್ ಸವರಿ, ಕೈಯಿಂದಲೇ ಬಿಗಿ ಮಾಡಿದೆ. ಮೊದಲು ಸುಮಾರು ಎರಡೂವರೆ ಲೀಟರ್ ಸುರಿದು, ಉಳಿದದ್ದನ್ನು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡುತ್ತ ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಎಂಟು ದಿನವಾದರೂ ಕೆಳಗೆ ಹಾಸಿದ ರಟ್ಟಿನ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ಕ್ಯಾನಿನಲ್ಲಿ ತುಂಬಿಟ್ಟಿದ್ದು, ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಈ ವಾರ ಒಪ್ಪಿಸಲಿದ್ದೇನೆ.